ಒಣಗಾಳಿಯ ಸದ್ದು

ಫೆಬ್ರವರಿ 3

ಮಗಳೇ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಪುರುಸೊತ್ತಿಲ್ಲವೋ, ಮೈಗೆ ಸರಿಯಿಲ್ಲವೋ ಅಂತ ಒಂದೇ ಸಮನೆ ಯೋಚನೆ. ‘ಫೋನ್ ಮಾಡಿ ಕೇಳಿದ್ರೆ ಮುಗೀತಲ್ಲ’ ಅನ್ನುತ್ತಾಳೆ ನಿಮ್ಮಮ್ಮ. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ ಅಂತ ನಿನಗೆ ಗೊತ್ತು. ನೀನು ‘ಅಪ್ಪಾ’ ಅಂದ ಕೂಡಲೇ ಹೇಳಬೇಕಾದ್ದೆಲ್ಲ ಮರೆತುಹೋಗುತ್ತದೆ. ‘ಊಟ ಆಯ್ತಾ’ ಅಂತ ಕೇಳಿ ಅವಳ ಕೈಗೆ ಕೊಟ್ಟುಬಿಡುತ್ತೇನೆ. ಕಾಗದವಾದರೆ ನಿಧಾನಕ್ಕೆ ಬರೆಯಬಹುದು. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನ ಅಕ್ಷರ, ನೀನಾದರೆ ಓದಿಕೊಳ್ಳುತ್ತೀಯ.

ಅಂಗಡಿ ನಡೆಯುತ್ತಿದೆ. ಹೊಸ ಬಟ್ಟೆ ಹೊಲಿಸುವವರು ಕಡಿಮೆ. ಪ್ಯಾಂಟು ಗಿಡ್ಡ ಮಾಡುವುದು, ಜಿಪ್ ಬದಲಿಸುವುದು, ಇಷ್ಟೇ. ನಿನ್ನೆ ಒಬ್ಬ ವಕೀಲರು ಕೋಟು ತಂದು ಹೊಟ್ಟೆಯ ಹತ್ತಿರ ಸ್ವಲ್ಪ ಬಿಡಿಸಿ ಅಂದರು. ‘ಬಿಡಿಸೋಕೆ ಒಳಗೆ ಬಟ್ಟೇನೇ ಇಲ್ಲ ಸ್ವಾಮಿ, ಹೋದ ಸಲಾನೇ ಎಲ್ಲಾ ಬಿಟ್ಟಾಯ್ತು’ ಅಂದೆ. ಕೋಪ ಮಾಡಿಕೊಂಡು ಹೋದರು. ಹಾಗೆ ಅನ್ನಬಾರದಿತ್ತೇನೋ ಅಂತ ಆಗಿನಿಂದ ಕೊರೆಯುತ್ತಿದೆ.

ಪಕ್ಕದ ಬೀಗದ ಅಂಗಡಿಯವನು ನಿನ್ನ ಕೆಲಸ ಏನು ಅಂತ ಕೇಳಿದ. ‘ಉಪ್ಪಿನ ನೀರು ಏನೋ’ ಅಂದೆ, ನಕ್ಕುಬಿಟ್ಟ. ಸರಿಯಾಗಿ ಬರೆದು ತಿಳಿಸು. ಅದು ಮೈಗೆ ಬಿದ್ದರೆ ಸುಡುತ್ತದೆಯೇ? ವಾಸನೆ ಬರುತ್ತದೆಯೇ? ಅಲ್ಲಿ ಗ್ಯಾಸ್ ಇದೆಯೇ? ನಿನ್ನ ತಮ್ಮ, ನಮ್ಮ ಸಣ್ಣವನು, ಹಾಗೆ ಹೋದಮೇಲೆ ನಮ್ಮ ಸ್ನಾನದ ಮನೆಯಿಂದ ಗ್ಯಾಸಿನ ಗೀಸರ್ ಕಿತ್ತು ಎಸೆದದ್ದು ನೀನೇ ನೋಡಿದ್ದೀಯ. ಅಡುಗೆಗೂ ಈಗ ಕರೆಂಟು ಒಲೆಯೇ. ನಿನ್ನ ಕೋಣೆಯ ಕಿಟಕಿ ತೆರೆದಿಟ್ಟುಕೋ. ಚಳಿಯಾದರೂ ಪರವಾಗಿಲ್ಲ.

ನಿನ್ನ ಅಪ್ಪ

(ಅಮ್ಮ ಬರೆಯುವುದು: ಕಿಟಕಿ ತೆರೆದು ಮಲಗಬೇಡ, ನೆಗಡಿಯಾಗುತ್ತದೆ. ಇವರ ಮಾತು ಕೇಳಿದರೆ ಉಸಿರಾಡುವುದಕ್ಕೂ ಹೆದರಬೇಕು.)

ಫೆಬ್ರವರಿ 21

ಅಪ್ಪಾ,

ಸುಡುವುದಿಲ್ಲ. ವಾಸನೆ ಇಲ್ಲ. ಕೈಗವಸು ಹಾಕಿಕೊಳ್ಳುತ್ತೇನೆ. ಮೊದಲು ಇಷ್ಟು ಓದಿ ಒಮ್ಮೆ ಉಸಿರು ಬಿಡು.

ಅದಕ್ಕೆ ಅಯಾನಿಕ ದ್ರವ ಅನ್ನುತ್ತಾರೆ. ಅದೂ ಉಪ್ಪೇ. ಅಡುಗೆಯ ಉಪ್ಪು ದ್ರವವಾಗಬೇಕಾದರೆ ನೀರಿಗೆ ಹಾಕಬೇಕು, ಇಲ್ಲವೇ ಕೆಂಪಗೆ ಕಾಯಿಸಬೇಕು. ಇದರ ಕಣಗಳು ದೊಡ್ಡವು, ಸೊಟ್ಟಪಟ್ಟ ಆಕಾರದವು. ಒತ್ತೊತ್ತಾಗಿ ಕೂರಲು ಅವಕ್ಕೆ ಬರುವುದಿಲ್ಲ, ಹಾಗಾಗಿ ನೀರಿನ ಹಂಗಿಲ್ಲದೆ ತಾನಾಗಿಯೇ ದ್ರವವಾಗಿರುತ್ತದೆ. ನೋಡಲು ಜೇನಿನ ಹಾಗೆ ಮಂದ.

ನಾನು ಕಾಗೆಬಂಗಾರದ, ಅಂದರೆ ಮೈಕಾದ, ಹಾಳೆಯನ್ನು ತೆಳ್ಳಗೆ ಸೀಳುತ್ತೇನೆ. ಅದರಷ್ಟು ನಯವಾದದ್ದು ಬೇರೆ ಸಿಗುವುದಿಲ್ಲ. ಎರಡು ಚೂರನ್ನು ಎರಡು ಬಾಗಿದ ಗಾಜಿಗೆ ಅಂಟಿಸಿ, ಮುಖಾಮುಖಿ ಇಟ್ಟು, ನಡುವೆ ಒಂದು ತೊಟ್ಟು ದ್ರವ ಬಿಟ್ಟು, ಉಕ್ಕಿನ ಪೆಟ್ಟಿಗೆಯೊಳಗೆ ಮುಚ್ಚಿ, ಮೆಲ್ಲಮೆಲ್ಲನೆ ಹತ್ತಿರ ತರುತ್ತೇನೆ. ದೂರವಿರುವಾಗ ದ್ರವ ಸುಮ್ಮನೆ ಹರಿದು ದಾರಿ ಬಿಡುತ್ತದೆ. ತೀರ ಹತ್ತಿರ ಬಂದಾಗ ಹರಿಯುವುದನ್ನು ಮರೆತು, ನಿನ್ನ ಕಪಾಟಿನಲ್ಲಿ ಮಡಿಸಿಟ್ಟ ಬಟ್ಟೆಯ ಹಾಗೆ ಪದರ ಪದರವಾಗಿ ನಿಂತುಬಿಡುತ್ತದೆ. ಒತ್ತಿದರೆ ಒಂದು ಪದರ ಥಟ್ಟನೆ ಜಾರಿ ಹೊರಗೆ. ಇನ್ನೂ ಒತ್ತಿದರೆ ಇನ್ನೊಂದು. ಗಾಜಿನ ಮೂಲಕ ಹಾಯಿಸಿದ ಬೆಳಕಿನಲ್ಲಿ ಬಣ್ಣದ ಪಟ್ಟಿಗಳು ಕಾಣುತ್ತವೆ. ಅವು ಜಿಗಿದದ್ದು ನೋಡಿ, ಪದರ ಹೋಯಿತು ಅಂತ ತಿಳಿದುಕೊಳ್ಳುತ್ತೇನೆ. ಕೊನೆಯ ಪದರ ಮಾತ್ರ ಎಷ್ಟು ಒತ್ತಿದರೂ ಹೋಗುವುದಿಲ್ಲ. ಕಚ್ಚಿಕೊಂಡು ಕೂತಿರುತ್ತದೆ. ಎಣ್ಣೆ ನಿಲ್ಲದ ಕಡೆ, ಯಂತ್ರಗಳ ಸಂದಿಯಲ್ಲಿ, ಇಂಥದ್ದು ಉಪಯೋಗಕ್ಕೆ ಬರುತ್ತದೆ.

ಒಂದು ಧೂಳಿನ ಕಣ ಬಿದ್ದರೂ, ಗಾಳಿಯ ತೇವ ತಾಗಿದರೂ ಎಲ್ಲ ಹಾಳು. ವಾರಗಟ್ಟಲೆ ಮಾಡಿದ್ದು ಒಂದು ಗಳಿಗೆಯಲ್ಲಿ ಹೋಗುತ್ತದೆ. ನಮ್ಮ ಪ್ರಯೋಗಾಲಯದ ಮೇಡಂ ನೇರವಾಗಿ ಹೇಳಿದ್ದಾರೆ: ‘ಈ ವರ್ಷ ಏನಾದ್ರೂ ಹೊಸದು ತೋರಿಸಿದ್ರೆ ಇಲ್ಲೇ ಕೆಲಸ ಮುಂದುವರಿಯುತ್ತೆ. ಇಲ್ಲದಿದ್ರೆ ಡಿಸೆಂಬರಿಗೆ ನಿನ್ನ ಅವಧಿ ಮುಗೀತು.’ ಅದೊಂದೇ ಚಿಂತೆ. ಬೇರೆಲ್ಲ ಚೆನ್ನಾಗಿದ್ದೇನೆ.

ನಿನ್ನ ಮಗಳು

ಮಾರ್ಚ್ 16

ಮಗಳೇ,

ನಿನ್ನ ಕಾಗದವನ್ನು ಬೀಗದವನಿಗೆ ಓದಿ ಹೇಳಿದೆ. ‘ಎರಡು ಗಾಜಿನ ಮಧ್ಯೆ ಒಂದು ಹನಿ ಒತ್ತೋಕೆ ಇಷ್ಟು ವರ್ಷ ಓದಬೇಕಾ?’ ಅಂದ. ‘ನೀನು ಒಂದು ತೂತಿನೊಳಗೆ ಕಡ್ಡಿ ಆಡಿಸೋಕೆ ಎಷ್ಟು ವರ್ಷ ತಗೊಂಡೆ?’ ಅಂದೆ. ನಗುತ್ತಾ ತನ್ನ ಅಂಗಡಿಗೆ ಹೋದ.

ಆದರೆ ಡಿಸೆಂಬರಿನ ಮಾತು ಓದಿದಾಗಿನಿಂದ ನನಗೆ ಅನ್ನ ಸೇರುತ್ತಿಲ್ಲ. ಅವರು ಬೇಡ ಅಂದರೆ ಎಲ್ಲಿಗೆ ಹೋಗುತ್ತೀಯ? ಇಷ್ಟು ಓದಿದವಳಿಗೆ ಇಲ್ಲಿ ಏನು ಕೆಲಸವಿದೆ? ತೇವ ತಾಗಬಾರದು ಅಂದೆಯಲ್ಲ, ನಿನ್ನ ಕೈ ಮೊದಲಿನಿಂದಲೂ ಬೆವರುತ್ತದೆ, ಅದನ್ನು ಹೇಳಿದ್ದೀಯಾ ಅವರಿಗೆ?

ನಾನು ಒಮ್ಮೆ ಬಂದು ನೋಡಿಕೊಂಡು ಹೋಗುತ್ತೇನೆ. ಬೇಡ ಅನ್ನಬೇಡ. ಒಂದು ಬಿಳಿ ಕೋಟು ಹೊಲಿಯುತ್ತಿದ್ದೇನೆ, ಅಳತೆ ನೆನಪಿನಲ್ಲಿದೆ. ಜೇಬಿಗೆ ಎರಡು ಹೊಲಿಗೆ ಹಾಕಿದ್ದೇನೆ. ಏಪ್ರಿಲಿನಲ್ಲಿ ಬರಲೇ?

ನಿನ್ನ ಅಪ್ಪ

(ಅಮ್ಮ: ಬರಲಿ ಬಿಡು, ನನಗೂ ಒಂದು ದಿನ ವಿಶ್ರಾಂತಿ. ಬೇಕರಿಗೆ ರಜೆ ಹಾಕಿ ನಾನೂ ಬರುತ್ತಿದ್ದೆ, ದಾರಿಯುದ್ದಕ್ಕೂ ಇವರ ಪಕ್ಕ ಕೂರಬೇಕಲ್ಲ ಅಂತ ಬಿಟ್ಟೆ.)

ಮೇ 19

ಅಪ್ಪಾ, ಅಮ್ಮಾ,

ಹೋಯಿತು! ಕೊನೆಯ ಪದರ ಹೋಯಿತು!

ಅಪ್ಪಾ, ನೀನು ಬಂದ ದಿನ ಪೆಟ್ಟಿಗೆಯೊಳಗೆ ಒಂದು ತೊಟ್ಟು ಇಟ್ಟಿದ್ದೆನಲ್ಲ, ಅದರಲ್ಲೇ. ನಿನ್ನನ್ನು ಬಸ್ಸು ಹತ್ತಿಸಿ ವಾಪಸು ಬಂದು, ಮುಖ ತೊಳೆದುಕೊಂಡು ಕೂತೆ. ಒಂದೊಂದೇ ಪದರ ಜಾರಿತು. ಕೊನೆಯದಕ್ಕೆ ಬಂದಾಗ ಎಂದಿನಂತೆ ಅಲ್ಲೇ ನಿಲ್ಲುತ್ತದೆ ಅಂದುಕೊಂಡೆ. ಇನ್ನೊಂದು ಚೂರು ಒತ್ತಿದೆ, ಬಣ್ಣದ ಪಟ್ಟಿ ಜಿಗಿಯಿತು. ಕಾಗೆಬಂಗಾರಕ್ಕೆ ಕಾಗೆಬಂಗಾರ ತಾಗಿಕೊಂಡಿತ್ತು, ನಡುವೆ ಏನೂ ಇರಲಿಲ್ಲ. ನಾನು ಎದ್ದು ಕೋಣೆಯಲ್ಲೇ ಒಂದು ಸುತ್ತು ಹಾಕಿದೆ.

ಮೇಡಂ ನನ್ನ ಬೆನ್ನು ತಟ್ಟಿದರು. ಅವರು ಯಾರ ಬೆನ್ನನ್ನೂ ತಟ್ಟುವವರಲ್ಲ. ಲೇಖನ ಬರೆದು ಕಳಿಸಿಯೂ ಆಯಿತು. ‘ಇನ್ನು ಡಿಸೆಂಬರಿನ ಚಿಂತೆ ಬಿಡು’ ಅಂದರು.

ಜೊತೆಗೆ ಕೆಲಸ ಮಾಡುವ ಗಡ್ಡದವನೊಬ್ಬ ಮಾತ್ರ ತಲೆ ಆಡಿಸುತ್ತಾನೆ. ‘ಇನ್ನೊಂದು ಸಲ ಓಡಿಹೋಗಲಿ ನಿಮ್ಮ ಪದರ, ಆಮೇಲೆ ನಂಬ್ತೀನಿ’ ಅಂತ. ಇನ್ನೊಮ್ಮೆ ಮಾಡಿದೆ, ಅದೇ ಫಲ ಬರಲಿಲ್ಲ. ಮತ್ತೊಮ್ಮೆ ಮಾಡಿದೆ, ಆಗಲೂ ಬರಲಿಲ್ಲ. ಹಾಳೆ ಸೀಳುವಾಗ ಕೈ ತಪ್ಪಿರಬೇಕು. ‘ಬರುತ್ತೆ, ಅವಸರ ಮಾಡಬೇಡ’ ಅನ್ನುತ್ತಾರೆ ಮೇಡಂ. ‘ಅವತ್ತು ನಮ್ಮಪ್ಪ ಬಂದಿದ್ರು, ಅವರ ಕಾಲ್ಗುಣ’ ಅಂದೆ ನಾನು. ಎಲ್ಲರೂ ನಕ್ಕರು.

ಕೋಟನ್ನು ಪ್ರಯೋಗದ ಕೋಣೆಯೊಳಗೆ ಹಾಕುವಂತಿಲ್ಲ ಅಪ್ಪಾ, ದಾರದ ಎಳೆ ಉದುರುತ್ತದೆ. ಬಾಗಿಲ ಹೊರಗೆ ಗೂಟಕ್ಕೆ ತೂಗುಹಾಕಿದ್ದೇನೆ. ಬರುವಾಗ ಹೋಗುವಾಗ ಮುಟ್ಟಿ ನೋಡುತ್ತೇನೆ.

ನಿನ್ನ ಮಗಳು

ಜೂನ್ 8

ಮಗಳೇ,

ಕಾಲ್ಗುಣ ಅಂತ ಬರೆದಿದ್ದೀಯಲ್ಲ, ಅದನ್ನು ಎಷ್ಟು ಸಲ ಓದಿದೆನೋ. ಇಷ್ಟು ವರ್ಷದಲ್ಲಿ ನನ್ನಿಂದ ಯಾರಿಗಾದರೂ ಒಳ್ಳೆಯದಾಯಿತು ಅಂತ ಯಾರೂ ಹೇಳಿರಲಿಲ್ಲ. ಬೀಗದವನಿಗೆ ಚಹಾ ಕೊಡಿಸಿದೆ. ವಕೀಲರು ಅದೇ ಕೋಟು ಮತ್ತೆ ತಂದು ಕೊಟ್ಟರು, ಅವರಿಗೂ ಹೇಳಿದೆ. ಖುಷಿಯಾದಷ್ಟೇ ಭಯವೂ ಆಗುತ್ತಿದೆ. ಯಾರ ಕಣ್ಣು ಹೇಗಿರುತ್ತದೋ, ಇನ್ನು ಯಾರಿಗೂ ಹೇಳುವುದಿಲ್ಲ.

ಒಂದು ಮಾತು, ಬೈಯುತ್ತಿದ್ದೇನೆ ಅಂದುಕೊಳ್ಳಬೇಡ. ನಿನ್ನೆ ಪೇಪರಿನಲ್ಲಿ ಎಲ್ಲೋ ಗ್ಯಾಸ್ ಸೋರಿಕೆಯ ಸುದ್ದಿ ಇತ್ತು. ಆಗ ನೆನಪಾಯಿತು. ಅವತ್ತು ನೀನು ನನ್ನನ್ನು ಆ ಕೋಣೆಯಲ್ಲಿ ಕೂರಿಸಿ ನನ್ನ ಪಾಸಿಗೆ ಸಹಿ ಮಾಡಿಸಲು ಹೋದೆಯಲ್ಲ, ಆಗ ಉಕ್ಕಿನ ಪೆಟ್ಟಿಗೆಯ ಹತ್ತಿರ ಸ್‌ಸ್ಸ್ ಅಂತ ಸದ್ದು. ಮೊದಲು ನನ್ನ ಕಿವಿಯೇ ಇರಬೇಕು ಅಂದುಕೊಂಡೆ. ಆಮೇಲೆ ನೋಡಿದರೆ ಮೂಲೆಯಲ್ಲಿ ಆಳೆತ್ತರದ ಸಿಲಿಂಡರ್, ಅಲ್ಲಿಂದ ಪೆಟ್ಟಿಗೆಗೆ ಕೊಳವೆ. ಅಷ್ಟೆಲ್ಲ ಓದಿದವರು ಗ್ಯಾಸ್ ಬಿಟ್ಟು ಹಾಗೆಯೇ ಓಡಾಡುತ್ತೀರಲ್ಲ! ಎದ್ದು ಹೋಗಿ ಸಿಲಿಂಡರಿನ ತಿರುಪು ಗಟ್ಟಿಯಾಗಿ ತಿರುಗಿಸಿದೆ. ಸದ್ದು ನಿಂತಿತು. ಆಮೇಲೆಯೇ ಕೂರಲು ಆಗಿದ್ದು. ಹೇಳಿದರೆ ನೀನು ಹೆದರಿಕೊಳ್ಳುತ್ತೀಯ, ಕೆಲಸದ ದಿನ ಬೇರೆ ಅಂತ ಸುಮ್ಮನಾದೆ.

ಹಾಗೆಲ್ಲ ತೆರೆದಿಟ್ಟು ಹೋಗಬೇಡ ಮಗಳೇ. ನನಗೆ ಇರುವುದು ನೀನೊಬ್ಬಳು.

ನಿನ್ನ ಅಪ್ಪ

(ಅಮ್ಮ: ಈ ಸಲ ಇವರು ಹೇಳಿದ್ದು ಸರಿ. ಸ್ವಲ್ಪ ಜೋಪಾನ.)

ಜುಲೈ 20

ಮಗಳೇ,

ಕಾಗದವಿಲ್ಲ. ಫೋನಿನಲ್ಲೂ ‘ಚೆನ್ನಾಗಿದೀನಿ, ಆಮೇಲೆ ಮಾತಾಡ್ತೀನಿ’ ಅಂತ ಇಟ್ಟೆಯಂತೆ. ನಾನು ಏನಾದರೂ ತಪ್ಪು ಬರೆದೆನಾ? ಓದಿದವರು ಅಂತ ಚುಚ್ಚಿದ್ದಕ್ಕೆ ಬೇಸರವಾಯಿತಾ? ನನಗೆ ಬರೆಯಲು ಬರುವುದಿಲ್ಲ, ಹೇಳಬೇಕಾದ್ದು ಒಂದು, ಕಾಗದದಲ್ಲಿ ಕಾಣುವುದು ಇನ್ನೊಂದು. ಕೋಪವಿದ್ದರೆ ಬೈದಾದರೂ ಬರೆ. ಸುಮ್ಮನಿರಬೇಡ.

ನಿನ್ನ ಅಪ್ಪ

ಆಗಸ್ಟ್ 11

ಅಪ್ಪಾ,

ಹೇಗೆ ಬರೆಯಬೇಕೋ ತಿಳಿಯದೆ ಇಷ್ಟು ದಿನ ಕಳೆದೆ. ಅಮ್ಮ ಪಕ್ಕದಲ್ಲಿರುವಾಗ ಓದು.

ನೀನು ನಿಲ್ಲಿಸಿದ್ದು ಒಲೆಯ ಗ್ಯಾಸ್ ಅಲ್ಲ. ಅದು ಹೊತ್ತಿಕೊಳ್ಳುವುದಿಲ್ಲ. ಒಣಗಾಳಿ, ನೈಟ್ರೋಜನ್. ಪೆಟ್ಟಿಗೆಯೊಳಗೆ ತೇವ ಬಾರದಂತೆ ಅದು ಸದಾ ಹಾಯುತ್ತಿರಬೇಕು, ಆ ಸದ್ದು ಇರಲೇಬೇಕು. ಮುಚ್ಚಿದ ಕೋಣೆಯಲ್ಲಿ ಅದೂ ಅಪಾಯವೇ, ಅದಕ್ಕೇ ಅಲ್ಲಿ ಗಾಳಿ ಎಳೆಯುವ ಫ್ಯಾನು ಇದೆ. ನಾನು ಮೊದಲೇ ನಿನಗೆ ಹೇಳಬೇಕಿತ್ತು.

ಆ ದ್ರವ ಗಾಳಿಯಿಂದಲೇ ತೇವ ಕುಡಿಯುತ್ತದೆ. ಅವತ್ತು ಕುಡಿದಿದೆ. ನೀರು ಸೇರಿ ಆ ಕೊನೆಯ ಪದರದ ಹಿಡಿತ ಸಡಿಲವಾಯಿತು, ಅದಕ್ಕೇ ಜಾರಿತು. ಅದು ಹೊಸ ಸಂಗತಿಯೇನಲ್ಲ. ಮರುದಿನ ಸಿಲಿಂಡರ್ ಬದಲಿಸುವವರು ಬಂದು ಹೊಸದು ಜೋಡಿಸಿ ತೆರೆದು ಹೋದರು, ಹಾಗಾಗಿ ಯಾವ ಗುರುತೂ ಉಳಿಯಲಿಲ್ಲ. ಸದ್ದು ಇಲ್ಲ ಅಂತ ನನಗೆ ಗೊತ್ತಾಗಬೇಕಿತ್ತು. ಬಸ್ಸಿನ ಕಿಟಕಿಯಲ್ಲಿ ನಿನ್ನ ಮುಖ ನೋಡಿ ಬಂದಿದ್ದೆ. ಕಿವಿ ಎಲ್ಲೋ ಇತ್ತು.

ನಿನ್ನ ಕಾಗದ ಓದಿದಮೇಲೆ ಸುಮಾರು ದಿನ ಸುಮ್ಮನಿದ್ದೆ. ಸುಮ್ಮನೇ ಇದ್ದುಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಲೇಖನ ಓದಿದವರು ಇಲ್ಲದ್ದನ್ನು ಹುಡುಕುತ್ತಾ ಕೂರುತ್ತಾರೆ, ನನ್ನ ಹಾಗೆ ತಮ್ಮ ಕೈಯನ್ನೇ ಬೈದುಕೊಳ್ಳುತ್ತಾ. ಒಂದು ಬೆಳಿಗ್ಗೆ ಮೇಡಂ ಹತ್ತಿರ ಹೋಗಿ ಹೇಳಿದೆ.

‘ಯಾರು ಮುಚ್ಚಿದ್ದು?’ ಅಂದರು.

‘ನಮ್ಮಪ್ಪ.’

‘ಅದನ್ನ ಮುಟ್ಟಿ ಅಂತ ಅವರಿಗೆ ಹೇಳಿದ್ಯಾರು?’

‘ಯಾರೂ ಇಲ್ಲ ಮೇಡಂ. ಅವರಿಗೆ ಆ ಥರದ ಸದ್ದು ಆಗೋದಿಲ್ಲ.’

ಯಾಕೆ ಅಂತ ಕೇಳಿದರು. ನಾನು ಹೇಳಲಿಲ್ಲ. ಮೇಜಿನ ಮೇಲಿದ್ದ ಲೇಖನದ ಪ್ರತಿಯನ್ನು ಮಡಿಸಿಟ್ಟರು. ‘ಹೇಳಿದ್ದು ಒಳ್ಳೇದಾಯ್ತು. ಆದ್ರೆ ನಿನ್ನ ಮುಂದುವರಿಸೋಕೆ ನನ್ನ ಹತ್ರ ಈಗ ಏನೂ ಉಳಿದಿಲ್ಲಮ್ಮ’ ಅಂದರು. ಲೇಖನ ವಾಪಸು ತರಿಸಿಕೊಂಡಿದ್ದಾರೆ. ಡಿಸೆಂಬರಿಗೆ ನಾನು ಇಲ್ಲಿಂದ ಹೊರಡಬೇಕು.

ಇದು ನಿನ್ನ ತಪ್ಪಲ್ಲ. ಈ ಸಾಲನ್ನು ಎರಡು ಸಲ ಓದು.

ನಿನ್ನ ಮಗಳು

ಸೆಪ್ಟೆಂಬರ್ 5

ಮಗಳೇ,

ಈ ಸಲ ನಾನೇ ಬರೆಯುತ್ತಿದ್ದೇನೆ, ಇವರ ಕೈಯಲ್ಲಿ ಆಗುತ್ತಿಲ್ಲ.

ನಿನ್ನ ಕಾಗದ ಅಂಗಡಿಯ ವಿಳಾಸಕ್ಕೆ ಬಂದಿತ್ತು. ನಾನು ಪಕ್ಕದಲ್ಲಿರಲಿಲ್ಲ. ಬೀಗದವನು ಬೇಕರಿಗೆ ಓಡಿ ಬಂದು, ‘ಅಕ್ಕಾ, ಇವರು ಮೆಷಿನ್ ಮುಂದೆ ಕೂತವರು ಕೂತೇ ಇದಾರೆ, ಕರೆದರೆ ಮಾತಿಲ್ಲ’ ಅಂದ. ಮನೆಗೆ ಕರೆತಂದೆ. ಅವತ್ತಿನಿಂದ ಅಂಗಡಿಯ ಬಾಗಿಲು ತೆರೆದಿಲ್ಲ. ವಕೀಲರ ಕೋಟು ಅಲ್ಲೇ ನೇತಾಡುತ್ತಿದೆ. ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆಗೆ ನೀರು ಹಾಕಬೇಡ ಅನ್ನುತ್ತಾರೆ, ಹಬೆಯ ಸದ್ದು ಬರುತ್ತದಂತೆ. ನಾನು ಕುಕ್ಕರ್ ಎತ್ತಿಟ್ಟು ಪಾತ್ರೆಯಲ್ಲೇ ಬೇಯಿಸುತ್ತಿದ್ದೇನೆ.

ನೀನು ನಿಜ ಹೇಳಿದ್ದು ಸರಿ. ಸುಳ್ಳಿನ ಮೇಲೆ ಕೂತು ಉಣ್ಣುವ ಮಗಳನ್ನು ನಾನು ಹೆತ್ತಿಲ್ಲ. ಆದರೆ ಇವರಿಗೆ ಯಾಕೆ ಬರೆದೆ ಅಂತ ಒಂದು ಕ್ಷಣ ನಿನ್ನ ಮೇಲೆ ಸಿಟ್ಟು ಬಂದಿದ್ದೂ ನಿಜ. ‘ಹೋಗಲಿ ಬಿಡ್ರೀ, ಕೆಲಸ ತಾನೇ, ಪ್ರಾಣ ಹೋಯ್ತಾ?’ ಅಂದೆ. ಹಾಗೆ ಅಂದಮೇಲೆ ನನಗೇ ನಾಲಿಗೆ ಕಚ್ಚಿಕೊಳ್ಳುವ ಹಾಗಾಯಿತು. ಇವರು ನನ್ನ ಮುಖ ನೋಡಿ ಗೋಡೆಯ ಕಡೆ ತಿರುಗಿ ಮಲಗಿದರು.

ಸಣ್ಣವನ ವಿಷಯ ನನ್ನ ಹತ್ತಿರ ಏನೋ ಹೇಳಬೇಕು ಅಂತ ಇವರು ಬಾಯಿ ತೆರೆಯುತ್ತಾರೆ, ಮುಚ್ಚುತ್ತಾರೆ. ಏನದು? ನಿನಗೆ ಗೊತ್ತಿದ್ದರೆ ಇವರಿಗೇ ಬರೆ. ನನಗೆ ಬೇಡ.

ಅಮ್ಮ

ಅಕ್ಟೋಬರ್ 2

ಅಪ್ಪಾ,

ಗಡ್ಡದವನೂ ನಾನೂ ಸೇರಿ ಮತ್ತೆ ಮಾಡಿದೆವು. ಬೇಕೆಂದೇ ತೇವ ಬಿಟ್ಟು ನೋಡಿದೆವು, ಕೊನೆಯ ಪದರ ಜಾರಿತು. ಒಣಗಿಸಿ ನೋಡಿದೆವು, ನಿಂತಿತು. ಇನ್ನೆಷ್ಟು ಒತ್ತಿದರೂ ಗಾಜು ಒಡೆಯುತ್ತದೆಯೇ ಹೊರತು ಅದು ಹೋಗುವುದಿಲ್ಲ. ಹಾಗಿರುವುದೇ ಅದರ ಸ್ವಭಾವ. ಅವನು ಈಗ ತಲೆ ಆಡಿಸುವುದನ್ನು ಬಿಟ್ಟಿದ್ದಾನೆ. ‘ನಿಮ್ಮಪ್ಪನಿಗೆ ನನ್ನ ನಮಸ್ಕಾರ ಹೇಳಿ, ಆ ಸದ್ದಿಗೆ ಎದ್ದು ಹೋದವರು ಈ ಕಟ್ಟಡದಲ್ಲಿ ಅವರೊಬ್ಬರೇ’ ಅಂದ. ತಮಾಷೆಗೆ ಅಂದಿದ್ದಲ್ಲ.

ಅಪ್ಪಾ, ನಾವು ಒಂದು ಮಾತು ಎತ್ತಿಯೇ ಇಲ್ಲ. ಇವತ್ತು ಎತ್ತುತ್ತೇನೆ. ಸಣ್ಣವನು ಸ್ನಾನಕ್ಕೆ ಹೋದಾಗ ನೀನು ಹೊರಗಿನ ಕೋಣೆಯಲ್ಲಿ ಇಸ್ತ್ರಿ ಮಾಡುತ್ತಿದ್ದೆ. ನಾನು ಅಲ್ಲೇ ನೆಲದ ಮೇಲೆ ಓದುತ್ತಿದ್ದೆ. ಅಮ್ಮ ಬೇಕರಿಗೆ ಹೋಗಿದ್ದಳು. ನೀರು ಬೀಳುವ ಸದ್ದು ಬರುತ್ತಲೇ ಇತ್ತು. ‘ಇವನೇನು ಟ್ಯಾಂಕೇ ಖಾಲಿ ಮಾಡ್ತಾನಾ?’ ಅಂದೆ ನೀನು. ನಾನು ನಕ್ಕೆ. ಸದ್ದು ಬರುತ್ತಲೇ ಇತ್ತು. ನೀನು ಇನ್ನೊಂದು ಅಂಗಿ ತೆಗೆದುಕೊಂಡೆ, ನಾನು ಪುಟ ತಿರುಗಿಸಿದೆ.

ಗೀಸರಿನ ಆ ವಿಷದ ಹೊಗೆಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಇದನ್ನು ನಾನು ನನಗೆ ದಿನವೂ ಹೇಳಿಕೊಳ್ಳುತ್ತೇನೆ. ನಿನಗೆ ಯಾರೂ ಹೇಳಿಲ್ಲ ಅನ್ನಿಸಿತು. ನೀನು ಸಿಲಿಂಡರಿನ ತಿರುಪು ತಿರುಗಿಸಿದ್ದು ಯಾಕೆ ಅಂತ ನನಗೆ ಗೊತ್ತು. ಮತ್ತೊಮ್ಮೆ ಆ ಸದ್ದು ಕೇಳಿದರೆ ಮತ್ತೆ ತಿರುಗಿಸು. ನನಗೆ ಬೇಸರವಿಲ್ಲ.

ಈ ಕಾಗದವನ್ನು ಅಮ್ಮನಿಗೆ ತೋರಿಸುವುದು ಬಿಡುವುದು ನಿನಗೆ ಬಿಟ್ಟದ್ದು.

ನಿನ್ನ ಮಗಳು

ನವೆಂಬರ್ 17

ಮಗಳೇ,

ಅಂಗಡಿ ತೆರೆದೆ. ವಕೀಲರ ಕೋಟಿಗೆ ಪಕ್ಕದಲ್ಲಿ ಬೇರೆ ಬಟ್ಟೆ ಸೇರಿಸಿ ಕೊಟ್ಟೆ. ಬಣ್ಣ ಸ್ವಲ್ಪ ಬೇರೆ ಕಾಣುತ್ತದೆ. ‘ಕೈ ಎತ್ತಿದರೆ ಮಾತ್ರ ಕಾಣೋದು, ಎತ್ತಲ್ಲ ಬಿಡಿ’ ಅಂದರು, ಒಳ್ಳೆಯ ಮನುಷ್ಯ.

ನಿನ್ನ ಕಾಗದವನ್ನು ಬಹಳ ದಿನ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದೆ. ಕೊನೆಗೆ ನಿಮ್ಮಮ್ಮನ ಕೈಗೆ ಕೊಟ್ಟೆ. ಅವಳು ಒಲೆಯ ಮುಂದೆ ನಿಂತೇ ಓದಿದಳು. ಹಾಲು ಉಕ್ಕಿ ಚೆಲ್ಲಿತು, ನೋಡುತ್ತಿದ್ದಳು, ಆರಿಸಲಿಲ್ಲ. ನಾನೇ ಹೋಗಿ ಸ್ವಿಚ್ ಆರಿಸಿದೆ. ‘ನೀರಿನ ಸದ್ದು ನಿಮಗೆ ಕೇಳ್ತಾ ಇತ್ತಾ?’ ಅಂತ ಅದೊಂದೇ ಕೇಳಿದಳು. ಹೂಂ ಅಂದೆ. ಬಟ್ಟೆ ತಂದು ಒಲೆ ಒರೆಸಿದಳು, ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು. ಈಗ ಇಬ್ಬರೂ ಮಾತಾಡುತ್ತೇವೆ, ಊಟ, ಬೇಕರಿ, ಅಂಗಡಿಯ ಬಾಡಿಗೆ, ಎಲ್ಲ ಮಾತಾಡುತ್ತೇವೆ. ಈ ಕಾಗದದ ಕೆಳಗೆ ಎಂದಿನ ಹಾಗೆ ಅವಳಿಗೆ ಜಾಗ ಬಿಟ್ಟು ಕೊಟ್ಟಿದ್ದೆ. ಹಾಗೆಯೇ ವಾಪಸು ಕೊಟ್ಟಳು. ಅದಕ್ಕೇ ಆ ಜಾಗದಲ್ಲೂ ನಾನೇ ಬರೆಯುತ್ತಿದ್ದೇನೆ.

ನನ್ನ ತಪ್ಪಲ್ಲ ಅಂತ ಬರೆದದ್ದನ್ನು ನೀನು ಹೇಳಿದ ಹಾಗೆ ಎರಡು ಸಲ ಓದಿದೆ. ಆದರೂ ತಲೆಯೊಳಗೆ ಒಂದೇ ತಿರುಗುತ್ತಿದೆ. ಏಳಬೇಕಾದಾಗ ಕೂತಿದ್ದೆ, ಕೂರಬೇಕಾದಾಗ ಎದ್ದೆ. ನೀನು ಓದಿದವಳು. ಯಾವ ಸದ್ದಿಗೆ ಎದ್ದು ಹೋಗಬೇಕು, ಯಾವ ಸದ್ದಿಗೆ ಸುಮ್ಮನಿರಬೇಕು ಅಂತ ನನಗೆ ಅರ್ಥವಾಗುವ ಹಾಗೆ ಬರೆದು ತಿಳಿಸುತ್ತೀಯಾ? ಆಗದಿದ್ದರೆ ಬಿಡು. ಯಾರಿಗೂ ಆಗುವುದಿಲ್ಲವೇನೋ.

ಡಿಸೆಂಬರಿನಲ್ಲಿ ಬರುವ ದಿನ ತಿಳಿಸು, ಬಸ್ ನಿಲ್ದಾಣಕ್ಕೆ ಬರುತ್ತೇನೆ. ಕೋಟನ್ನು ಅಲ್ಲೇ ಗೂಟದ ಮೇಲೆ ಬಿಟ್ಟು ಬರಬೇಡ. ಇನ್ನೊಂದು ವಿಷಯ, ನಗಬೇಡ. ಮನೆಯಲ್ಲಿ ನೀನು ಸ್ನಾನಕ್ಕೆ ಹೋದಾಗ ನಾನು ಬಾಗಿಲ ಹೊರಗೆ ನಿಂತು ಕರೆಯುತ್ತೇನೆ. ಕರೆಂಟು ಗೀಸರ್ ಅಪ್ಪಾ, ಏನೂ ಆಗುವುದಿಲ್ಲ ಅಂತ ನೀನು ಹೇಳುತ್ತೀಯ, ನನಗೂ ಗೊತ್ತು. ಆದರೂ ಕರೆಯುತ್ತೇನೆ. ನೀರು ಬೀಳುತ್ತಿದ್ದರೂ ಓಗೊಡು ಮಗಳೇ. ಪ್ರತಿ ಸಲವೂ ಓಗೊಡು.

ನಿನ್ನ ಅಪ್ಪ